ಡಬ್ಬ ಸುರೀರಿ, ಆಮೇಲೆ ಮಾತಾಡೋಣ: ಮೆಡಿಕಲ್ ಸ್ಟೋರಲ್ಲಿ ಪೇಷೆಂಟ್ ಮಾತ್ರೆಗಳ ರಿವ್ಯೂ ಮಾಡೋದು ಹೇಗೆ

ನಮ್ದು ಚಿಂತಾಮಣಿಲಿ ಒಂದು ಸಣ್ಣ ಮೆಡಿಕಲ್ ಸ್ಟೋರು. ಒಂದಿನ ಮಧ್ಯಾಹ್ನ ಕೈವಾರದ ಕಡೆಯಿಂದ ಬರೋ ಅಜ್ಜಿ ಒಬ್ರು "ತಲೆಸುತ್ತಿನ ಮಾತ್ರೆ ಇನ್ನೊಂದು ಶೀಟು ಕೊಡಪ್ಪ" ಅಂದ್ರು. ಹೋದ ತಿಂಗಳೂ ಅದನ್ನೇ ತಗೊಂಡಿದ್ರು. ಏನೋ ಅನುಮಾನ ಬಂದು, ಅಜ್ಜಿ ಮನೇಲಿರೋ ಮಾತ್ರೆನೆಲ್ಲ ನಾಳೆ ತಗೊಂಬನ್ನಿ ಅಂದೆ. ಮಾರನೇ ದಿನ ಹಳೇ ಹಾರ್ಲಿಕ್ಸ್ ಡಬ್ಬ ಒಂದನ್ನ ಸೆರಗಲ್ಲಿ ಮುಚ್ಕೊಂಡು ತಂದು ಕೌಂಟರ್ ಮೇಲೆ ಇಟ್ರು. ಸುರಿದ್ರೆ ಬರೀ ತುಂಡುಗಳು. ಕತ್ತರೀಲಿ ಕತ್ತರಿಸಿದ ಶೀಟಿನ ತುಂಡುಗಳು, ನಾಲ್ಕರ ತುಂಡು, ಎರಡರ ತುಂಡು, ಒಂದರಲ್ಲಿ ಹೆಸರಿನ ಹಿಂದಿನ ಅರ್ಧ ಇದ್ರೆ ಇನ್ನೊಂದರಲ್ಲಿ ಎಕ್ಸ್‌ಪೈರಿ ಡೇಟಿನ ಕೊನೇ ಎರಡಂಕಿ ಮಾತ್ರ. ಅರ್ಧ ಗಂಟೆ ಜೋಡಿಸಿ ನೋಡಿದ್ರೆ ಎರಡು ಬೇರೆ ಬೇರೆ ಕಂಪನಿ ಹೆಸರಲ್ಲಿ ಒಂದೇ ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್ 40 ಎಂಜಿ. ಒಂದು ಇಲ್ಲಿನ ಡಾಕ್ಟ್ರು ಬರೆದಿದ್ದು, ಇನ್ನೊಂದು ಬೆಂಗಳೂರಲ್ಲಿ ಮಗಳ ಮನೇಲಿದ್ದಾಗ ಅಲ್ಲಿಯವರು ಬರೆದಿದ್ದು. ಅಜ್ಜಿ ಎರಡನ್ನೂ ದಿನಾ ನುಂಗ್ತಾ ಇದ್ರು, ಅದರಿಂದ ಬಿಪಿ ಇಳಿದು ತಲೆ ಸುತ್ತೋದು, ತಲೆ ಸುತ್ತೋದಕ್ಕೆ ಮೂರನೇ ಕಡೆ ಬರೆಸ್ಕೊಂಡ ಇನ್ನೊಂದು ಮಾತ್ರೆ.

ಆ ಶೀಟುಗಳನ್ನ ಕತ್ತರಿಸಿ ಕೊಟ್ಟಿದ್ದು ಬೇರೆ ಯಾರೂ ಅಲ್ಲ, ನಾವೇ. ಮೂರೂ ನಮ್ಮ ಅಂಗಡಿಯಿಂದನೇ ಹೋಗಿದ್ವು.

ಅವತ್ತಿಂದ ಶುರು ಮಾಡಿದ್ದು ಈ ರಿವ್ಯೂ, ಅಂದ್ರೆ ಪೇಷೆಂಟ್ ಮನೇಲಿರೋ ಔಷಧಿನೆಲ್ಲ ತರಿಸಿ ಒಂದೊಂದಾಗಿ ನೋಡೋದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮೆಡಿಕಲ್ ಇಟ್ಕೊಂಡಿರೋ ಫಾರ್ಮಸಿಸ್ಟ್ ಫ್ರೆಂಡ್ಸು "ನೀವು ಅದನ್ನ ಹೆಂಗ್ ಮಾಡ್ತೀರಾ" ಅಂತ ಕೇಳ್ತಾನೇ ಇರ್ತಾರೆ, ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದುಬಿಡ್ತಿದೀನಿ.

ಇದು ನಮ್ಮ ಕೆಲಸನಾ ಅನ್ನೋರಿಗೆ

ಹೌದು, ನಮ್ಮದೇ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2015ರಲ್ಲಿ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ತಂತಲ್ಲ, ಅದರಲ್ಲೇ ಇದೆ: ಚೀಟಿ ಕೈಗೆ ಬಂದಮೇಲೆ ಪೇಷೆಂಟಿನ ರೆಕಾರ್ಡ್ ನೋಡಿ, ರಿಜಿಸ್ಟರ್ಡ್ ಫಾರ್ಮಸಿಸ್ಟೇ ಖುದ್ದಾಗಿ ಪೇಷೆಂಟ್ ಹತ್ರ ಅಥವಾ ಅವರನ್ನ ನೋಡ್ಕೊಳೋರ ಹತ್ರ ಮಾತಾಡಬೇಕು. ಮಾತ್ರೆ ಯಾಕೆ, ಹೆಂಗೆ, ಸೈಡ್ ಎಫೆಕ್ಟ್ ಏನು, ಒಂದ್ಹೊತ್ತು ಬಿಟ್ಟೋದ್ರೆ ಏನು ಮಾಡೋದು, ಎಲ್ಲಿಡೋದು, ಎಲ್ಲ. ನಾವು ಎಷ್ಟು ಜನ ಮಾಡ್ತೀವಿ ಅನ್ನೋದು ಬೇರೆ ಮಾತು.

ಇಂಗ್ಲೆಂಡಲ್ಲಿ ಇದಕ್ಕೆ ಸರ್ಕಾರನೇ ದುಡ್ಡು ಕೊಡ್ತಿತ್ತು. 2005ರಿಂದ 2021ರ ತನಕ ಮೆಡಿಸಿನ್ಸ್ ಯೂಸ್ ರಿವ್ಯೂ ಅಂತ ಸ್ಕೀಮ್ ನಡೀತು, ಒಂದು ರಿವ್ಯೂಗೆ 28 ಪೌಂಡಿನ ತನಕ, ಒಂದು ಅಂಗಡಿಗೆ ಹೆಚ್ಚಿನ ವರ್ಷಗಳಲ್ಲಿ ವರ್ಷಕ್ಕೆ 400 ಲಿಮಿಟ್ಟು. ಆ 400 ಮುಟ್ಟೋಕೇ ಸಿಕ್ಕಸಿಕ್ಕೋರನ್ನ ಕೂರಿಸಿ ಮಾಡ್ತಾರೆ ಅನ್ನೋ ದೂರೂ ಬಂತು. ನಮ್ಮಲ್ಲಿ ದುಡ್ಡೂ ಇಲ್ಲ ಟಾರ್ಗೆಟ್ಟೂ ಇಲ್ಲ, ಅದು ಒಂಥರಾ ಒಳ್ಳೇದೇ, ಬೇಕಾದೋರಿಗೆ ಮಾತ್ರ ಮಾಡಬಹುದು.

ಒಂದು ಮಾತ್ರ ಮೊದಲೇ ಹೇಳ್ಬಿಡ್ತೀನಿ. ರಿವ್ಯೂ ಅಂದ್ರೆ ಡಾಕ್ಟರ್ ಬರೆದಿದ್ದನ್ನ ನಾವು ತಿದ್ದೋದಲ್ಲ. ಡೋಸು ಬದಲಾಯಿಸೋದು, ನಿಲ್ಲಿಸೋದು, ಹೊಸದು ಸೇರಿಸೋದು ಯಾವುದೂ ನಮ್ಮ ಕೈಲಿಲ್ಲ. ಚೀಟೀಲಿ ಬರೆದಿರೋದಕ್ಕೂ ಮನೇಲಿ ನಡೀತಿರೋದಕ್ಕೂ ಮಧ್ಯೆ ಏನಾಗ್ತಿದೆ ಅಂತ ಕಂಡುಹಿಡಿಯೋದು, ಆಗಿದ್ದನ್ನ ಸರಿಯಾದ ಜಾಗಕ್ಕೆ ಮುಟ್ಟಿಸೋದು, ಅಷ್ಟೇ.

ಮೊದಲನೇ ಹೆಜ್ಜೆ: ಯಾರನ್ನ ಕೂರಿಸ್ಬೇಕು

ಎಲ್ಲರನ್ನೂ ಕೂರಿಸೋಕೆ ಹೋದ್ರೆ ಮೂರನೇ ದಿನಕ್ಕೆ ಕೈಬಿಡ್ತೀರಾ. ನಾನು ವಾರಕ್ಕೆ ಮೂರು ಜನ, ಜಾಸ್ತಿ ಅಂದ್ರೆ ನಾಲ್ಕು. ಹೆಂಗೆ ಆರಿಸ್ತೀನಿ ಅಂದ್ರೆ, ದಿನಕ್ಕೆ ಐದು ಅಥವಾ ಹೆಚ್ಚು ಬಗೆ ಮಾತ್ರೆ ತಗೊಳೋರು, ಎರಡು ಮೂರು ಡಾಕ್ಟರ ಚೀಟಿ ಇಟ್ಕೊಂಡಿರೋರು, ಈಗಷ್ಟೇ ಕೋಲಾರದ್ದೋ ಬೆಂಗಳೂರದ್ದೋ ದೊಡ್ಡಾಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದಿರೋರು. ಈ ಡಿಸ್ಚಾರ್ಜ್ ಕೇಸು ಬಹಳ ಮುಖ್ಯ, ಯಾಕಂದ್ರೆ ಆಸ್ಪತ್ರೇಲಿ ಹೊಸ ಮಾತ್ರೆ ಕೊಟ್ಟಿರ್ತಾರೆ, ಹಳೇದು ನಿಲ್ಲಿಸಿ ಅಂತ ಹೇಳಿದ್ರೂ ಆ ಗಡಿಬಿಡೀಲಿ ಮನೆಯವರಿಗೆ ನೆನಪಿರಲ್ಲ, ಮನೇಲಿ ಎರಡೂ ನಡೀತಿರುತ್ತೆ.

ಇನ್ನೊಂದು ಗುಂಪು, ಡೇಂಜರ್ ಮಾತ್ರೆಯೋರು, ಅಂದ್ರೆ ಡೋಸು ಸ್ವಲ್ಪ ತಪ್ಪಿದ್ರೂ ದೊಡ್ಡ ತೊಂದ್ರೆ ಮಾಡೋ ಔಷಧಿ ತಗೊಳೋರು. ಇನ್ಸುಲಿನ್, ವಾರ್ಫರಿನ್, ಡಿಗಾಕ್ಸಿನ್, ಲಿಥಿಯಂ, ಮೆಥೋಟ್ರೆಕ್ಸೇಟ್ ಇದಾವುದಾದ್ರೂ ಒಂದಿದ್ರೆ ಬೇರೆ ಲೆಕ್ಕ ಬೇಡ, ಕೂರಿಸಿ. ಆಮೇಲೆ ಚೀಟಿ ಇಲ್ದೆ ವಾರ ವಾರ ಬಂದು ಮಂಡಿನೋವಿನ ಮಾತ್ರೆ ಕೇಳೋರು, ಅವರ ವಿಷಯ ಮುಂದೆ ಬರುತ್ತೆ.

ಎರಡು: ಟೈಮು, ಜಾಗ, ಚೀಲ

ಸಂಜೆ ಆರರಿಂದ ಎಂಟರವರೆಗೆ ಮರೆತುಬಿಡಿ. ನಮ್ಮಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಖಾಲಿ. ಕೌಂಟರ್ ಪಕ್ಕ ಎರಡು ಸ್ಟೂಲು, ಒಂದು ಟ್ರೇ, ಬಿಪಿ ಮಿಷನ್ನು, ಗ್ಲುಕೋಮೀಟರು, ಉದ್ದನೆ ನೋಟ್‌ಬುಕ್ಕು. ಇಷ್ಟೇ ಸಾಮಾನು. ಬೇರೆ ಗಿರಾಕಿಗೆ ಮಾತು ಕೇಳಿಸದ ಹಾಗೆ ನೋಡ್ಕೊಳಿ, ಊರು ಚಿಕ್ಕದು, "ಇವರ ಸೊಸೆಗೆ ಫಿಟ್ಸ್ ಮಾತ್ರೆ ನಡೀತಿದೆಯಂತೆ" ಅಂತ ಸುದ್ದಿ ಹಬ್ಬೋಕೆ ಅರ್ಧ ದಿನ ಬೇಡ. ನೋಟ್‌ಬುಕ್ಕಲ್ಲಿ ಬರ್ಕೊತೀನಿ, ಡಾಕ್ಟರ್ ಹತ್ರ ಮಾತಾಡ್ತೀನಿ, ಪರವಾಗಿಲ್ವಾ ಅಂತ ಮೊದಲೇ ಕೇಳಿ ಒಪ್ಪಿಗೆ ತಗೊಳಿ.

ಮನೇಲಿರೋ ಔಷಧಿನೆಲ್ಲ ಒಂದು ಚೀಲದಲ್ಲಿ ತರೋಕೆ ಹೇಳೋವಾಗ "ನಿಮ್ಮ ಮಾತ್ರೆ ತಗೊಂಬನ್ನಿ" ಅಂದ್ರೆ ಸಾಲಲ್ಲ. ಬಿಪಿದು ಶುಗರ್‌ದು ಎರಡು ಶೀಟು ತಂದು ನಿಲ್ತಾರೆ. ಬಿಡಿಸಿ ಹೇಳ್ಬೇಕು: ದಿನಾ ತಗೊಳೋದು, ಯಾವಾಗಾದ್ರೂ ತಗೊಳೋದು, ಟಾನಿಕ್ಕು, ಕಣ್ಣಿನ ಡ್ರಾಪ್ಸು, ಮೂಗಿನ ಸ್ಪ್ರೇ, ಸೂಜಿ, ಹಚ್ಚೋ ಎಣ್ಣೆ, ಆಯುರ್ವೇದದ್ದು, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟಿದ್ದು, ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದು, ನಿಲ್ಲಿಸಿಬಿಟ್ಟಿರೋದು ಕೂಡ. ಜೊತೆಗೆ ಚೀಟಿಗಳು, ಲ್ಯಾಬ್ ರಿಪೋರ್ಟು. ಮಾತ್ರೆ ಡಬ್ಬಿಗೆ ಹಾಕಿ ಕೊಡೋದು ಮನೇಲಿ ಯಾರೋ ಅವರೂ ಬಂದ್ರೆ ಅರ್ಧ ಕೆಲಸ ಆದಂಗೆ. ಸೊಸೇನೋ ಮಗಳೋ ಬರೋಕಾಗಲ್ಲ ಅಂದ್ರೆ ಫೋನಲ್ಲಿ ಸಿಗೋ ಹಾಗೆ ನೋಡ್ಕೊಳಿ.

ಮೂರು: ಮಾತ್ರೆ ಬಗ್ಗೆ ಕೇಳಬೇಡಿ, ದಿನದ ಬಗ್ಗೆ ಕೇಳಿ

ನನ್ನ ಪ್ರಕಾರ ಇಡೀ ರಿವ್ಯೂನಲ್ಲಿ ಇದೇ ಜೀವಾಳ. ಹೊಸಬರು ತಪ್ಪೋದೂ ಇಲ್ಲೇ. ಚೀಲ ಬಿಚ್ಚಿದ ತಕ್ಷಣ "ಇದನ್ನ ಸರಿಯಾಗಿ ತಗೊತಿದೀರಾ" ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? "ಹೂಂ ಸಾ, ಸರಿಯಾಗೇ" ಅಂತಾರೆ, ಮುಗೀತು. ಅದರ ಬದಲು, "ಅಣ್ಣ, ನಿನ್ನೆ ಬೆಳಗ್ಗೆ ಎದ್ದಾಗಿಂದ ಮಲಗೋ ತನಕ ಏನೇನಾಯ್ತು ಹೇಳಿ" ಅನ್ನಿ. ಎಷ್ಟೊತ್ತಿಗೆ ಎದ್ರಿ, ಹಾಲು ಡೈರಿಗೆ ಹಾಕೋಕೆ ಯಾರು ಹೋದ್ರು, ಕಾಫಿ ಎಷ್ಟೊತ್ತಿಗೆ, ಮುದ್ದೆ ಎಷ್ಟೊತ್ತಿಗೆ, ತೋಟಕ್ಕೆ ಹೋದಾಗ ಮಾತ್ರೆ ಎಲ್ಲಿತ್ತು.

ನಮ್ಮ ಸೀಮೇಲಿ ಚೀಟಿಯ ಟೈಮಿಗೂ ಜನರ ಟೈಮಿಗೂ ಹೊಂದಲ್ಲ ರೀ. ಟೊಮೆಟೊ ಸೀಸನ್ನಲ್ಲಿ ರಾತ್ರಿಯೆಲ್ಲ ಕ್ರೇಟು ತುಂಬಿ ಬೆಳಗಿನ ಜಾವ ಮಾರ್ಕೆಟ್‌ಗೆ ಗಾಡಿ ಹೊಡೆಯೋನಿಗೆ "ಬೆಳಗ್ಗೆ ತಿಂಡಿಗೆ ಮುಂಚೆ ಒಂದು" ಅಂದ್ರೆ ಯಾವ ಬೆಳಗ್ಗೆ? ರೇಷ್ಮೆಯೋರದು ಇನ್ನೂ ಕಷ್ಟ. ನಮ್ಮ ಅಂಗಡಿಗೆ ಟ್ರೈನಿಂಗಿಗೆ ಬೆಂಗಳೂರಿನ ಹುಡುಗ ಒಬ್ಬ ಬಂದಿದ್ದ, ಶಿಡ್ಲಘಟ್ಟ ಕಡೆಯ ರೈತರೊಬ್ರ ರಿವ್ಯೂ ಅವನಿಗೇ ಬಿಟ್ಟಿದ್ದೆ. ಅವರು "ನಾಲ್ಕನೇ ಜ್ವರ ಎದ್ದಿದೆ ಸಾ, ನಿದ್ದೆ ಊಟ ಒಂದೂ ಇಲ್ಲ" ಅಂದಿದ್ದಕ್ಕೆ ಇವನು ನೋಟ್‌ಬುಕ್ಕಲ್ಲಿ "ಪದೇ ಪದೇ ಜ್ವರ, ನಾಲ್ಕನೇ ಸಲ, ಡಾಕ್ಟರಿಗೆ ಕಳಿಸಬೇಕು" ಅಂತ ಬರೆದಿಟ್ಟಿದ್ದ. ಜ್ವರ ಬಂದಿದ್ದು ಹುಳಕ್ಕೆ ಕಣಪ್ಪಾ! ಹುಳ ಪೊರೆ ಬಿಡೋದಕ್ಕೆ ಇಲ್ಲಿ ಜ್ವರ ಅಂತಾರೆ. ಆದ್ರೆ ನಗೋ ವಿಷಯ ಅಷ್ಟಕ್ಕೇ ಮುಗಿಯಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋ ಸೊಪ್ಪಿಗೆ ಲೆಕ್ಕನೇ ಇಲ್ಲ, ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ಅನ್ನೋ ತಟ್ಟಿಗೆ ಬಿಡೋ ತನಕ ಒಂದು ವಾರ ಮನೆಮಂದಿಗೆಲ್ಲ ಹಗಲು ರಾತ್ರಿ ಒಂದೇ. ಆ ರೈತರು ಶುಗರ್‌ಗೆ ಗ್ಲಿಮೆಪಿರೈಡ್ ನುಂಗ್ತಿದ್ರು, ಮಾತ್ರೆ ತಪ್ಪಿಸ್ತಾ ಇರಲಿಲ್ಲ, ಆದ್ರೆ ಆ ವಾರ ಊಟ ತಪ್ತಿತ್ತು. ರಾತ್ರಿ ಸೊಪ್ಪು ಹಾಕೋವಾಗ ಬೆವರು, ಕೈ ನಡುಕ, ಕಣ್ಣು ಕತ್ತಲೆ. ನಿದ್ದೆಗೆಟ್ಟು ಹಿಂಗಾಗ್ತಿದೆ ಅಂದ್ಕೊಂಡಿದ್ರು. ಅದು ಲೋ ಶುಗರ್ರು. ಪ್ರತಿ ಬೆಳೆಗೂ ಒಂದು ಸಲ ಇದೇ ಕತೆ.

ಇದನ್ನ ಯಾವ ಚೀಟಿ ನೋಡಿದ್ರೂ ಕಂಡುಹಿಡಿಯೋಕಾಗಲ್ಲ.

ನಾಲ್ಕು: ಒಂದೊಂದೇ ಶೀಟು ಕೈಗೆತ್ಕೊಂಡು

ಈಗ ಟ್ರೇಗೆ ಸುರಿದಿರೋದನ್ನ ಒಂದೊಂದಾಗಿ ಎತ್ತಿ ಅವರ ಕೈಗೇ ಕೊಡಿ. ಇದು ಯಾತಕ್ಕೆ ಅಂದ್ರು? ಹೆಂಗೆ ತಗೊತೀರಾ, ಮಾಡಿ ತೋರ್ಸಿ. ತಗೊಂಡ್ಮೇಲೆ ಏನಾದ್ರೂ ಬೇರೆ ಥರ ಅನ್ಸಿದೆಯಾ? ವಾರದಲ್ಲಿ ಎಷ್ಟು ಸಲ ಬಿಟ್ಟೋಗುತ್ತೆ? ಈ ಕೊನೇದು ಗಮನಿಸಿ, "ಬಿಡ್ತೀರಾ" ಅಲ್ಲ, "ಎಷ್ಟು ಸಲ ಬಿಟ್ಟೋಗುತ್ತೆ". ಬಿಟ್ಟೋಗೋದು ಸಹಜ ಅನ್ನೋ ಹಾಗೆ ಕೇಳಿದ್ರೆ ನಿಜ ಹೇಳ್ತಾರೆ. ತೆಲುಗಲ್ಲಿ ಸಲೀಸಾಗಿ ಮಾತಾಡೋರ ಹತ್ರ ತೆಲುಗಲ್ಲೇ ಕೇಳಿ, ಇಲ್ಲಿ ಅರ್ಧ ಜನಕ್ಕೆ ಮೈ ಹುಷಾರಿಲ್ಲದ ವಿಷಯ ಬಾಯಿಗೆ ಬರೋದು ತೆಲುಗಲ್ಲೇ.

ಎಣಿಸೋದನ್ನ ಮರೀಬೇಡಿ. ಒಂದನೇ ತಾರೀಖು 30 ಕೊಟ್ಟಿದ್ದೀವಿ, ಇವತ್ತು 21, ದಿನಕ್ಕೊಂದರ ಹಾಗೆ 10 ಉಳೀಬೇಕು, 19 ಇದೆ. ಬೈಯ್ಯೋಕಲ್ಲ, ಯಾಕೆ ಅಂತ ತಿಳ್ಕೊಳೋಕೆ. ದುಡ್ಡಿಲ್ದೆ ದಿನ ಬಿಟ್ಟು ದಿನ ತಗೊಳೋರಿದಾರೆ, ಅವರಿಗೆ ಜನೌಷಧಿಯಲ್ಲಿ ಇದೇ ಮಾತ್ರೆ ಕಮ್ಮಿಗೆ ಸಿಗುತ್ತೆ ಅಂತ ಹೇಳೋಕೂ ಹಿಂಜರೀಬೇಡಿ, ಗಿರಾಕಿ ಹೋಗ್ತಾರೆ ಅಂತ ಯೋಚ್ನೆ ಮಾಡ್ತಾ ಕೂತ್ರೆ ಈ ಕೆಲಸಾನೇ ಬೇಡ. ಒಬ್ಬರಂತೂ 1-0-1 (ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು) ಅಂತ ಬರೆದಿದ್ದನ್ನ ಇವತ್ತು ಒಂದು, ನಾಳೆ ಇಲ್ಲ, ನಾಡಿದ್ದು ಒಂದು ಅಂತ ಓದ್ಕೊಂಡಿದ್ರು. ಯೋಚ್ನೆ ಮಾಡಿ, ತಪ್ಪು ಅವರದಾ?

ನೋಟ್‌ಬುಕ್ಕಲ್ಲಿ ಕಂಪನಿ ಹೆಸರು ಒಂದು ಕಡೆ, ಪಕ್ಕದಲ್ಲಿ ಒಳಗಿರೋ ಔಷಧಿ ಹೆಸರು, ಎಷ್ಟು ಎಂಜಿ, ಚೀಟೀಲಿ ಹೆಂಗಿದೆ, ಮನೇಲಿ ಹೆಂಗೆ ನಡೀತಿದೆ, ಯಾವ ಡಾಕ್ಟ್ರು. ಔಷಧಿ ಹೆಸರು ಕಾಲಂ ಬರೆದು ಮೇಲಿಂದ ಕೆಳಗೆ ಒಂದ್ಸಲ ಕಣ್ಣಾಡಿಸಿದ್ರೆ ಸಾಕು, ಡಬಲ್ ಇದ್ರೆ ಅಲ್ಲೇ ಎದ್ದು ಕಾಣುತ್ತೆ. ಕಾಂಬಿನೇಷನ್ ಮಾತ್ರೆ ಬಿಡಿಸಿ ಬರೀರಿ. ಹೆಸರಿನ ಬಾಲದಲ್ಲಿರೋ ಎಎಮ್ ಅಂದ್ರೆ ಅಮ್ಲೋಡಿಪಿನ್, ಎಚ್ ಅಂದ್ರೆ ಹೈಡ್ರೋಕ್ಲೋರೋಥಯಾಜೈಡ್, ಶುಗರ್ ಮಾತ್ರೆಯ ಎಮ್ ಅಂದ್ರೆ ಮೆಟ್‌ಫಾರ್ಮಿನ್. ಗ್ಲಿಮೆಪಿರೈಡ್ ಎಮ್ ಜೊತೆಗೆ ಬೇರೆ ಮೆಟ್‌ಫಾರ್ಮಿನ್ ಶೀಟೂ ಇದ್ರೆ ಡಾಕ್ಟ್ರು ಬೇಕಂತಲೇ ಬರೆದಿದ್ದಾ ಇಲ್ಲ ಹಳೇದು ಉಳಿದಿದ್ದಾ ಅಂತ ನೋಡ್ಬೇಕು.

ಐದು: ಕಣ್ಣಿಗೆ ಬೀಳ್ಬೇಕಾದ್ದು

ಮೊದಲು ನೋವಿನ ಮಾತ್ರೆ. ನಮ್ಮ ಭಾಗದಲ್ಲಿ ಇದರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಎಲ್ಲ ಆಳದ ಬೋರ್‌ವೆಲ್ ನೀರು, ಫ್ಲೋರೈಡ್ ಜಾಸ್ತಿ ಇರೋ ಊರುಗಳು ಬೇಕಾದಷ್ಟು. ಕುಡಿಯೋ ನೀರಲ್ಲಿ ಲೀಟರಿಗೆ 1 ಎಂಜಿ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ, ಅಂತ ನಮ್ಮ ದೇಶದ ಸ್ಟ್ಯಾಂಡರ್ಡ್ ಹೇಳುತ್ತೆ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದೋರಿಗೆ ಸೊಂಟ, ಕತ್ತು, ಮಂಡಿ ಹಿಡ್ಕೊಳುತ್ತೆ. ಎಲ್ಲಾ ಮಂಡಿನೋವೂ ಫ್ಲೋರೈಡಿಂದನೇ ಅಂತ ಹೇಳ್ತಿಲ್ಲ, ವಯಸ್ಸಿನದೂ ಇದೆ, ಭಾರ ಹೊತ್ತು ಬಂದಿದ್ದೂ ಇದೆ. ಕಾರಣ ಏನೇ ಇರಲಿ ಜನ ಕೊನೆಗೆ ಬರೋದು ನಮ್ಮ ಕೌಂಟರಿಗೆ, ಡೈಕ್ಲೋಫೆನಾಕೋ ಅಸಿಕ್ಲೋಫೆನಾಕೋ ಕೇಳ್ಕೊಂಡು. ಅದೇ ಮನುಷ್ಯರಿಗೆ ಬಿಪಿಗೆ ಟೆಲ್ಮಿಸಾರ್ಟಾನ್ ಎಚ್ ನಡೀತಿರುತ್ತೆ. ಟೆಲ್ಮಿಸಾರ್ಟಾನ್ ಥರದ ಸಾರ್ಟಾನು, ಮೂತ್ರ ಜಾಸ್ತಿ ಮಾಡೋ ನೀರಿನ ಮಾತ್ರೆ (ಆ ಎಚ್ ಅದೇ), ನೋವಿನ ಮಾತ್ರೆ, ಈ ಮೂರು ಒಟ್ಟಿಗೆ ಸೇರಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಏಟು, ಅದರಲ್ಲೂ ಬಿಸಿಲಲ್ಲಿ ಕೂಲಿ ಮಾಡಿ ನೀರು ಕಮ್ಮಿ ಕುಡಿಯೋ ಮೈಗೆ. ನೋವಿನ ಮಾತ್ರೆ ಬಿಪೀನೂ ಏರಿಸುತ್ತೆ, ಬಿಪಿ ಏರಿದೆ ಅಂತ ಡಾಕ್ಟ್ರು ಬಿಪಿ ಮಾತ್ರೆ ಜಾಸ್ತಿ ಮಾಡ್ತಾರೆ, ಅವರಿಗೆ ಮೆಡಿಕಲ್‌ನಿಂದ ತಗೊಂಡಿರೋ ಶೀಟು ಗೊತ್ತೇ ಇರಲ್ಲ. ಚೀಟೀಲಿ ಇಲ್ಲದ ಮಾತ್ರೆ ನೋಡಿ ಅದು. ಹಾರ್ಟಿಗೆ ಅಂತ ಆಸ್ಪಿರಿನ್ ತಗೊಳೋರು ಇದನ್ನೂ ನುಂಗಿದ್ರೆ ಹೊಟ್ಟೇಲಿ ರಕ್ತ ಒಸರೋ ಚಾನ್ಸು ಜಾಸ್ತಿ. ಮಲ ಕಪ್ಪಗೆ, ಡಾಂಬರಿನ ಥರ ಹೋಗ್ತಿದೆಯಾ ಅಂತ ಮುಜುಗರ ಪಡದೆ ಕೇಳಿ.

ಪೊಟ್ಟಣದ ಮಾತ್ರೆ ಅಂದ್ನಲ್ಲ, ಪೇಪರಲ್ಲಿ ಮಡಚಿ ಕೊಟ್ಟಿರೋ ಹೆಸರಿಲ್ಲದ ಮಾತ್ರೆ, "ಎರಡೇ ದಿನಕ್ಕೆ ನೋವೆಲ್ಲ ಮಾಯ" ಅನ್ನೋ ಥರದ್ದು, ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಇಟ್ಕೊಳಿ. ಮುಖ ಊದಿದೆಯಾ, ಶುಗರ್ ಇದ್ದಕ್ಕಿದ್ದಂಗೆ ಏರಿದೆಯಾ ನೋಡಿ. ಆದ್ರೆ "ಇವತ್ತೇ ನಿಲ್ಲಿಸಿ" ಅಂತ ಮಾತ್ರ ಹೇಳ್ಬೇಡಿ, ತುಂಬಾ ದಿನದಿಂದ ತಗೊಂಡಿದ್ರೆ ದಿಢೀರಂತ ನಿಲ್ಲಿಸೋದೇ ಅಪಾಯ. ಡಾಕ್ಟರ್ ಹತ್ರ ಕಳಿಸಿ.

ಆಮೇಲೆ ಒಂದು ಮಾತ್ರೆಯ ಸೈಡ್ ಎಫೆಕ್ಟಿಗೆ ಇನ್ನೊಂದು ಮಾತ್ರೆ ಬಂದಿರೋದು. ಅಜ್ಜಿದು ಅದೇ ತಾನೇ. ಅಮ್ಲೋಡಿಪಿನ್‌ಗೆ ಕಾಲು ಊದುತ್ತೆ, ಊತಕ್ಕೆ ನೀರಿನ ಮಾತ್ರೆ. ಎನಾಲಾಪ್ರಿಲ್‌ಗೆ ಒಣಕೆಮ್ಮು, ಕೆಮ್ಮಿಗೆ ತಿಂಗಳಾನುಗಟ್ಟಲೆ ಸಿರಪ್ಪು. ಯಾವುದು ಯಾವಾಗ ಶುರುವಾಯ್ತು ಅಂತ ತಾರೀಖಿನ ಪ್ರಕಾರ ಜೋಡಿಸಿ, ಸರಪಳಿ ಸಿಗುತ್ತೆ.

ಥೈರಾಯ್ಡ್ ಮಾತ್ರೆ ಕಾಫಿ ಜೊತೆ ನುಂಗೋರು ನಮ್ಮಲ್ಲಿ ಸಿಕ್ಕಾಪಟ್ಟೆ. ಅದು ಖಾಲಿ ಹೊಟ್ಟೇಲಿ ಬರೀ ನೀರಲ್ಲಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಗ್ಯಾಪು. ಈ ಟೈಮ್ ಬದಲಾಯಿಸಿದ್ರೆ ಥೈರಾಯ್ಡ್ ಲೆವೆಲ್ಲೂ ಬದಲಾಗಬಹುದು, ಹಾಗಾಗಿ ಡಾಕ್ಟರಿಗೆ ಒಂದು ಮಾತು ತಿಳಿಸಿ, ಆರೆಂಟು ವಾರಕ್ಕೆ ಟೆಸ್ಟು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡು ಪಾದ ಜುಮ್ ಅನ್ನೋರಿಗೆ ಬಿ12 ಒಂದ್ಸಲ ನೋಡಿಸಿ ಅನ್ನಿ, ಎಲ್ಲಾನೂ ಶುಗರ್ ತಲೆಗೆ ಕಟ್ಟೋದು ಬೇಡ. ಎಂದೋ ಹದಿನೈದು ದಿನಕ್ಕೆ ಅಂತ ಬರೆದ ಗ್ಯಾಸ್ ಮಾತ್ರೆ ಐದು ವರ್ಷದಿಂದ ನಡೀತಿದ್ರೆ ಅದನ್ನೂ ಬರ್ಕೊಳಿ.

ಮೆಥೋಟ್ರೆಕ್ಸೇಟ್ ಸಂಧಿವಾತಕ್ಕೆ ಕೊಟ್ಟಿದ್ರೆ ವಾರಕ್ಕೆ ಒಂದೇ ದಿನ, ದಿನಾ ನುಂಗಿದ್ರೆ ಜೀವಕ್ಕೇ ಅಪಾಯ. "ವಾರಕ್ಕೊಂದು" ಅಂತ ಹೇಳಿ ಸುಮ್ಮನಾಗಬೇಡಿ, ವಾರದಲ್ಲಿ ಯಾವ ದಿನ ಅಂತ ಅವರ ಬಾಯಿಂದಲೇ ಹೇಳಿಸಿ, ಶೀಟಿನ ಮೇಲೆ ಮಾರ್ಕರಲ್ಲಿ "ಸೋಮವಾರ ಮಾತ್ರ" ಅಂತ ಬರೀರಿ.

ಇನ್ಹೇಲರ್ ಇದ್ರೆ ಎದುರಿಗೇ ಎಳೆದು ತೋರ್ಸಿ ಅನ್ನಿ. ರೋಟಾಹೇಲರಿಗೆ ಹಾಕಿ ಪುಡಿ ಎಳೆಯೋ ಕ್ಯಾಪ್ಸೂಲನ್ನ ನೀರಲ್ಲಿ ನುಂಗ್ತಿದ್ದೋರನ್ನ ನಾನೇ ನೋಡಿದೀನಿ. ಸ್ಟೀರಾಯ್ಡ್ ಇರೋದಾದ್ರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು. ಇನ್ಸುಲಿನ್ ತೆರೆಯದ ಬಾಟ್ಲಿ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರಲ್ಲಿ ಬೇಡವೇ ಬೇಡ, ತೆರೆದಿದ್ದು ಸಾಮಾನ್ಯವಾಗಿ 28 ದಿನ. ಫ್ರಿಜ್ ಇಲ್ದಿರೋ ಮನೇಲಿ ಒದ್ದೆ ಮರಳಿನ ಮಡಕೆ ಒಳಗೆ ಪ್ಲಾಸ್ಟಿಕ್ ಡಬ್ಬೀಲಿ. ಏಪ್ರಿಲ್ ಬಿಸಿಲಲ್ಲಿ ಬೈಕ್ ಡಿಕ್ಕೀಲಿ ಇಟ್ಕೊಂಡು ಬಂದ ಇನ್ಸುಲಿನ್ ಮೇಲೆ ನಂಬಿಕೆ ಇಡಬೇಡಿ.

ರಂಜಾನ್ ಬಗ್ಗೆನೂ ಹೇಳ್ಬೇಕು. ಚಿಂತಾಮಣಿ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚೋ ಕೆಲಸದವರಲ್ಲಿ ಉಪವಾಸ ಹಿಡಿಯೋರು ಬಹಳ. ಶುಗರ್ ಇರೋರಿಗೆ ಚಂದ್ರ ಕಂಡ್ಮೇಲೆ ಅಲ್ಲ, ಆರೆಂಟು ವಾರ ಮುಂಚೆನೇ ಡಾಕ್ಟರ್ ಹತ್ರ ಕಳಿಸಿ, ಡೋಸು ಟೈಮು ಅವರೇ ಹೊಂದಿಸಿ ಕೊಡ್ಲಿ. ಗ್ಲಿಮೆಪಿರೈಡ್, ಇನ್ಸುಲಿನ್ ಇರೋರಿಗಂತೂ ಖಂಡಿತ. ಶುಗರ್ 70ಕ್ಕಿಂತ ಇಳಿದ್ರೆ ಇಲ್ಲ 300 ದಾಟಿದ್ರೆ ಉಪವಾಸ ಬಿಡಬೇಕು ಅಂತ ವೈದ್ಯರ ಸಲಹೆ. ಬೆರಳು ಚುಚ್ಚಿ ಚೆಕ್ ಮಾಡಿದ್ರೆ ರೋಜಾ ಮುರಿಯುತ್ತೆ ಅಂತ ಹೆದರ್ತಾರೆ, ಮುರಿಯಲ್ಲ ಅಂತಲೇ ಬಹುತೇಕ ಧರ್ಮಗುರುಗಳು ಹೇಳೋದು, ಆದ್ರೆ ಅದನ್ನ ನಾನು ಹೇಳೋದಕ್ಕಿಂತ ಅವರ ಮಸೀದಿ ಹಜರತ್ ಹೇಳಿದ್ರೆ ತೂಕ, ಅವರನ್ನೇ ಕೇಳಿ ಅಂತೀನಿ.

ಆರು: ಮೂರು ಗುಡ್ಡೆ ಮಾಡಿ

ಕಂಡಿದ್ದನ್ನೆಲ್ಲ ಮೂರು ಗುಡ್ಡೆ ಮಾಡ್ತೀನಿ. ನಾನೇ ಇಲ್ಲೇ ಸರಿ ಮಾಡಬಹುದಾದ್ದು: ಚೀಟೀಲಿರೋ ಟೈಮನ್ನ ಅರ್ಥ ಮಾಡಿಸೋದು, ಇಡೋ ಜಾಗ, ಇನ್ಹೇಲರ್ ಎಳೆಯೋ ರೀತಿ, ಡೇಟ್ ಮುಗಿದಿದ್ದನ್ನ ಬೇರೆ ತೆಗೆಯೋದು. ಡಾಕ್ಟರಿಗೆ ತಿಳಿಸಬೇಕಾದ್ದು: ಡಬಲ್ಲು, ಸರಪಳಿ, ಬೇಡದ ಕಾಂಬಿನೇಷನ್ನು, ಸೈಡ್ ಎಫೆಕ್ಟು. ಈಗಲೇ ಆಸ್ಪತ್ರೆಗೆ ಕಳಿಸಬೇಕಾದ್ದು: ಎದೆನೋವು, ಉಸಿರು ಕಟ್ಟೋದು, ಕಪ್ಪು ಮಲ, ಮುಖ ತುಟಿ ಊದ್ಕೊಂಡಿರೋದು, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲೀತಿರೋದು, ಮೂತ್ರ ಕಮ್ಮಿ ಆಗಿರೋದು. ಅವಾಗ ನೋಟ್‌ಬುಕ್ ಮುಚ್ಚಿ 108ಕ್ಕೆ ಫೋನ್ ಮಾಡಿ. ಲೋ ಶುಗರ್ ಆದ್ರೆ, ಪ್ರಜ್ಞೆ ಇದ್ದು ನುಂಗೋಕಾದ್ರೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ, ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕಬೇಡಿ.

ಅಜ್ಜಿಗೆ ಅವತ್ತು ಬಿಪಿ ಕೂತಾಗ 108 ಮೇಲೆ 64, ಎದ್ದು ನಿಂತು ಎರಡು ನಿಮಿಷಕ್ಕೆ 84 ಮೇಲೆ 56. ನಿಂತ ಮೂರು ನಿಮಿಷದೊಳಗೆ ಮೇಲಿನ ನಂಬರು 20 ಅಥವಾ ಜಾಸ್ತಿ ಇಳಿದ್ರೆ ಬಿದ್ದುಗಿದ್ದು ಸೊಂಟ ಮುರ್ಕೊಳೋ ಕೇಸು ಅಂತಲೇ ಲೆಕ್ಕ. ತಲೆಸುತ್ತು ಅಂದ ಎಲ್ಲರಿಗೂ ನಿಲ್ಲಿಸಿ ಒಂದ್ಸಲ ನೋಡಿ, ಕೂತು ನೋಡಿದ್ರೆ ಕೆಲವು ಸಲ ಏನೂ ಗೊತ್ತಾಗಲ್ಲ.

ಏಳು: ಡಾಕ್ಟರ್ ಹತ್ರ ಮಾತು

ಮೊದಮೊದಲು ನಾನು ಇಲ್ಲೇ ಎಡವಿದ್ದು. ಪೇಷೆಂಟ್ ಎದುರಿಗೇ ಫೋನ್ ಮಾಡಿ "ಸಾರ್ ನೀವು ಡಬಲ್ ಬರೆದಿದೀರಾ" ಅಂದ್ಬಿಟ್ಟೆ, ಆ ಕಡೆಯಿಂದ "ಡಾಕ್ಟ್ರು ನೀನಾ ನಾನಾ" ಅಂತ ಬಂತು. ಅವರು ಡಬಲ್ ಬರೆದೇ ಇರಲಿಲ್ಲ, ಬೇರೆಯವರ ಚೀಟಿ ಅವರಿಗೆ ಗೊತ್ತೇ ಇರಲಿಲ್ಲ, ಪಾಪ ಅವರ ಸಿಟ್ಟಲ್ಲೂ ನ್ಯಾಯ ಇತ್ತು. ಈಗ ನಾಲ್ಕೇ ಸಾಲು ಬರೆದು ಪೇಷೆಂಟ್ ಕೈಲೇ ಕಳಿಸ್ತೀನಿ, ಅರ್ಜೆಂಟ್ ಇದ್ರೆ ಫೋನು ಕೂಡ. ಅಜ್ಜಿದು ಹಿಂಗೆ ಬರೆದಿದ್ದೆ:

"ಡಾಕ್ಟರ್ ಅವರ ಗಮನಕ್ಕೆ. ನಿಮ್ಮ ಪೇಷೆಂಟು, ಸುಮಾರು 70 ವರ್ಷ, ನಿಮ್ಮ ಚೀಟಿಯ ಟೆಲ್ಮಿಸಾರ್ಟಾನ್ 40 ಜೊತೆಗೆ ಬೆಂಗಳೂರಲ್ಲಿ ಬರೆದ ಟೆಲ್ಮಿಸಾರ್ಟಾನ್ 40 ಕೂಡ ದಿನಾ ತಗೊತಿದಾರೆ. ಒಂದು ತಿಂಗಳಿಂದ ತಲೆಸುತ್ತು, ಅದಕ್ಕೆ ಬೇರೆ ಮಾತ್ರೆ ನಡೀತಿದೆ. ಇವತ್ತಿನ ಬಿಪಿ ಕೂತು 108/64, ನಿಂತು 84/56. ಯಾವುದನ್ನ ಮುಂದುವರಿಸಬೇಕು ಅಂತ ತಿಳಿಸಿದ್ರೆ ಹಾಗೇ ಬರೆದು ಕೊಡ್ತೀನಿ."

ಕಂಡಿದ್ದು, ಅಳೆದಿದ್ದು, ಕೇಳ್ತಿರೋದು. ನಿರ್ಧಾರ ಅವರದು. ಅವತ್ತು ಫೋನೂ ಮಾಡಿದ್ದೆ, ತಕ್ಷಣ ಒಂದನ್ನ ನಿಲ್ಲಿಸಿ ಅಂದ್ರು, ವಾರ ಬಿಟ್ಟು ಬರೋಕೆ ಹೇಳಿದ್ರು. ಇನ್ನೊಂದು, ಪೇಷೆಂಟ್ ಹತ್ರ ಯಾವತ್ತೂ "ಡಾಕ್ಟ್ರು ತಪ್ಪು ಬರೆದಿದಾರೆ" ಅನ್ನಬೇಡಿ. ಅವರು ಆ ಡಾಕ್ಟರನ್ನೂ ಬಿಡ್ತಾರೆ, ಎಲ್ಲ ಮಾತ್ರೇನೂ ಬಿಡ್ತಾರೆ. ಹತ್ರದ ಕ್ಲಿನಿಕ್ಕುಗಳಿಗೆ ಒಂದ್ಸಲ ಖುದ್ದು ಹೋಗಿ, ಹಿಂಗಿಂಗೆ ಮಾಡ್ತಿದೀನಿ ಸಾರ್ ಅಂತ ಮೊದಲೇ ಹೇಳಿಟ್ರೆ ಮುಂದೆ ಫೋನೆತ್ತೋವಾಗ ದನಿ ಬೇರೆ ಇರುತ್ತೆ.

ಎಂಟು: ಮನೆಗೆ ಒಂದು ಹಾಳೆ

ಪೇಷೆಂಟಿಗೆ ಒಂದೇ ಹಾಳೆ ಕೊಡಿ. ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಮಧ್ಯಾಹ್ನಕ್ಕೆ ನಾನು ಮುದ್ದೆ ಬರೀತೀನಿ, ತಟ್ಟೇಲಿ ಒಂದು ಉಂಡೆ, ಎಲ್ಲರಿಗೂ ಅರ್ಥ ಆಗುತ್ತೆ. ಪ್ರತಿ ಗೆರೆಯಲ್ಲಿ ಮಾತ್ರೆಯ ಒಂದು ಖಾಲಿ ಶೀಟಿನ ತುಂಡು ಅಂಟಿಸಿ, ಪಕ್ಕದಲ್ಲಿ "ಬಿಪಿಗೆ", "ಶುಗರ್‌ಗೆ" ಅಂತ. ಓದೋಕೆ ಬರೋದು ಉರ್ದುವೋ ತೆಲುಗೋ ಆದ್ರೆ ಮನೆಯ ಮಕ್ಕಳ ಕೈಲಿ ಆ ಲಿಪೀಲೇ ಬರೆಸಿ. ಆಮೇಲೆ "ಗೊತ್ತಾಯ್ತಾ" ಅನ್ನಬೇಡಿ, ಅದಕ್ಕೂ ಉತ್ತರ ಹೂಂ ಒಂದೇ. "ಅಜ್ಜಿ, ಮನೆಗೋಗಿ ಸೊಸೆಗೆ ಏನಂತ ಹೇಳ್ತೀರಾ, ನನಗೊಂದ್ಸಲ ಹೇಳಿ ನೋಡಣ" ಅನ್ನಿ. ಎಲ್ಲಿ ತಡವರಿಸ್ತಾರೋ ಅಲ್ಲಿ ನಾವು ಸರಿಯಾಗಿ ಹೇಳಿಲ್ಲ ಅಂತ.

ಶೀಟು ಕತ್ತರಿಸೋ ವಿಷಯಕ್ಕೆ ಬಂದ್ರೆ, ನಮ್ಮಲ್ಲೀಗ ಪೂರ್ತಿ ಶೀಟು ಕೊಳ್ಳೋಕಾಗದೋರಿಗೆ ಕತ್ತರಿಸಿದ್ರೂ ಸಣ್ಣ ಕವರಲ್ಲಿ ಹಾಕಿ ಹೆಸರು, ಎಂಜಿ, ಬ್ಯಾಚು, ಎಕ್ಸ್‌ಪೈರಿ, ಯಾತಕ್ಕೆ ಅಂತ ಬರೆದೇ ಕೊಡೋದು. ಹುಡುಗರು ಮೊದಲು ಗೊಣಗಿದ್ರು, ಈಗ ಅಭ್ಯಾಸ ಆಗಿದೆ.

ಒಂಬತ್ತು: ಬಿಟ್ಟುಬಿಡಬೇಡಿ

ಹತ್ತು ದಿನಕ್ಕೆ ಒಂದು ಫೋನು, ತಿಂಗಳಿಗೆ ಮಾತ್ರೆ ತಗೊಳೋಕೆ ಬಂದಾಗ ಐದು ನಿಮಿಷ, ಆರು ತಿಂಗಳಿಗೆ ಮತ್ತೆ ಪೂರ್ತಿ ಚೀಲ. ಮಧ್ಯೆ ಆಸ್ಪತ್ರೆ ಸೇರಿ ಬಂದ್ರೆ ಆರು ತಿಂಗಳು ಕಾಯಬೇಡಿ. ಮಾತ್ರೆಯಿಂದ ತೊಂದ್ರೆ ಆಗಿದೆ ಅನ್ನೋ ಅನುಮಾನ ಇದ್ರೂ ಸಾಕು, ಪ್ರೂಫ್ ಬೇಕಿಲ್ಲ, ಔಷಧಿಯ ಸೈಡ್ ಎಫೆಕ್ಟ್ ಲೆಕ್ಕ ಇಡೋ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾಗೆ ರಿಪೋರ್ಟ್ ಮಾಡಿ, ಟೋಲ್ ಫ್ರೀ 1800-180-3024. ಫಾರ್ಮಸಿಸ್ಟೂ ಮಾಡಬಹುದು, ಪೇಷೆಂಟೂ ಮಾಡಬಹುದು.

ದುಡ್ಡು ತಗೊತೀರಾ ಅಂತ ಎಲ್ಲರೂ ಕೇಳ್ತಾರೆ. ನಾನು ತಗೊಳಲ್ಲ. ತಲೆಸುತ್ತಿನ ಮಾತ್ರೆ ಮಾರಾಟ ಹೋಯ್ತು, ಒಂದು ಟೆಲ್ಮಿಸಾರ್ಟಾನ್ ಹೋಯ್ತು, ನೋವಿನ ಮಾತ್ರೆ ಶೀಟುಗಳಂತೂ ಎಷ್ಟು ಹೋದ್ವೋ. ಅದರ ಬದಲಿಗೆ ಅಜ್ಜಿಯ ಬೀಗರು, ಬೀಗರ ತಮ್ಮ, ತಮ್ಮನ ಹೆಂಡತಿ ಎಲ್ಲ ನಮ್ಮಲ್ಲಿಗೇ ಬರ್ತಾರೆ. ಅಜ್ಜಿ ಎರಡನೇ ಸಲ ಬಂದಾಗ ನಿಲ್ಲಿಸಿ ಬಿಪಿ ನೋಡಿದ್ರೆ ಮೇಲಿನ ನಂಬರು 126. ಅವತ್ತೂ ಅದೇ ಹಾರ್ಲಿಕ್ಸ್ ಡಬ್ಬ, ಒಳಗೆ ನಾಲ್ಕೇ ಕವರು, ಅಡೀಲಿ ಒಂದು ಖಾಲಿ ಶೀಟು. "ಇದು ಯಾತಕ್ಕಜ್ಜಿ ಇಟ್ಕೊಂಡಿದೀರಾ" ಅಂದ್ರೆ, "ಆ ಬೆಂಗಳೂರಿನ ಮಾತ್ರೆದು, ಮಗಳು ಫೋನ್ ಮಾಡಿ ತಗೊಂಡ್ಯಾ ಅಂತ ಕೇಳ್ತಾಳೆ, ನೋಡು ಖಾಲಿ ಆಗದೆ ಅಂತ ವಿಡಿಯೋದಲ್ಲಿ ತೋರ್ಸೋಕೆ" ಅಂದ್ರು. ಅಲ್ಲೇ ಕೂತು ಮಗಳ ನಂಬರಿಗೆ ಫೋನ್ ಮಾಡಿಸಿದೆ.